ಕ್ಯಾಮ್‌ಶಾಫ್ಟ್ ತಾಳ ತಪ್ಪಿದರೆ: ಸೆನ್ಸರ್ ಬದಲಿಸುವ ಮುನ್ನ ಟೈಮಿಂಗ್ ನೋಡಿ

ಅರಸೀಕೆರೆ: ತುಮಕೂರಿನಿಂದ ಮಂಗಳೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 73 ತಿಪಟೂರು, ಅರಸೀಕೆರೆ, ಬಾಣಾವರ, ಜಾವಗಲ್‌ಗಳನ್ನು ಹಾದು ಹಳೇಬೀಡು ಮತ್ತು ಬೇಲೂರನ್ನು ತಲುಪುತ್ತದೆ. ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳನ್ನು ನೋಡಲು ಬರುವವರಲ್ಲಿ ಅನೇಕರು ಹಾಸನದ ದಾರಿ ಹಿಡಿದರೆ, ಇನ್ನು ಕೆಲವರು ತೆಂಗಿನ ತೋಟಗಳ ನಡುವಿನ ಈ ಹೆದ್ದಾರಿಯನ್ನೇ ಆಯ್ದುಕೊಳ್ಳುತ್ತಾರೆ. ಅರಸೀಕೆರೆ ಬಿಟ್ಟರೆ ಬೇಲೂರಿನವರೆಗೆ ದೊಡ್ಡ ಪಟ್ಟಣವಿಲ್ಲ. ಕಾರು ಕೆಟ್ಟರೆ ಕೈಗೆಟಕುವ ಮೆಕ್ಯಾನಿಕ್‌ನ ತಿಳಿವಳಿಕೆಯೇ ಗತಿ.

ಈ ದಾರಿಯಲ್ಲಿ ಲಕ್ಷ ಕಿಲೋಮೀಟರ್ ದಾಟಿದ, ಎರಡು ಕೈ ಬದಲಾದ ಡೀಸೆಲ್ ಕಾರೊಂದನ್ನು ಕಲ್ಪಿಸಿಕೊಳ್ಳಬಹುದು. ಕೆಲವು ದಿನಗಳಿಂದ ಅದರ ಪಿಕಪ್ ಕುಗ್ಗಿದೆ. ಬೆಳಗ್ಗೆ ಸ್ಟಾರ್ಟ್ ಆಗಲು ಎರಡು ಮೂರು ಬಾರಿ ಸೆಲ್ಫ್ ಹೊಡೆಯಬೇಕು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿದೆ. ಸ್ಕ್ಯಾನರ್ ಜೋಡಿಸಿ ನೋಡಿದವರು ‘ಕ್ಯಾಮ್‌ಶಾಫ್ಟ್ ಸೆನ್ಸರ್ ಹೋಗಿದೆ’ ಎಂದು ಹೊಸದನ್ನು ಹಾಕಿ ಕಳುಹಿಸಿದ್ದಾರೆ. ಒಂದು ದಿನ ಆರಿದ್ದ ದೀಪ ಮರುದಿನ ಮತ್ತೆ ಹೊತ್ತಿಕೊಳ್ಳುತ್ತದೆ. ಕೊನೆಗೆ ಜಾವಗಲ್ ದಾಟಿದ ಮೇಲೆ ಎಂಜಿನ್ ಏಕಾಏಕಿ ನಿಂತುಬಿಡುತ್ತದೆ. ಕೀ ತಿರುಗಿಸಿದರೆ ಸೆಲ್ಫ್ ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದಂತೆ ತಿರುಗುತ್ತದೆ. ಆದರೆ ಎಂಜಿನ್ ಹತ್ತುವುದಿಲ್ಲ. ಒಳಗಿದ್ದವರು ಇಳಿದು ತಳ್ಳಲು ಸಿದ್ಧರಾಗುತ್ತಾರೆ.

ಹೀಗೆ ತಳ್ಳುವುದೇ ಎಲ್ಲಕ್ಕಿಂತ ದುಬಾರಿಯಾದ ತಪ್ಪು. ಅದು ಏಕೆ ಎಂಬುದನ್ನು ಅರಿಯಬೇಕಾದರೆ ಟೈಮಿಂಗ್ ಎಂದರೇನೆಂದು ಮೊದಲು ತಿಳಿಯಬೇಕು.

ಏನಿದು ಟೈಮಿಂಗ್?

ಎಂಜಿನ್ನಿನ ಕೆಳಭಾಗದಲ್ಲಿ ಕ್ರ್ಯಾಂಕ್‌ಶಾಫ್ಟ್ ಇರುತ್ತದೆ. ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುವುದು ಅದೇ. ಇಂದಿನ ಹೆಚ್ಚಿನ ಕಾರುಗಳಲ್ಲಿ ಮೇಲ್ಭಾಗದ ಸಿಲಿಂಡರ್ ಹೆಡ್‌ನಲ್ಲಿ ಕ್ಯಾಮ್‌ಶಾಫ್ಟ್ ಇರುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿರುವ ದುಂಡು ಕಂಬಗಳನ್ನು ಕಂಡವರಿಗೆ ಲೇಥ್‌ನಲ್ಲಿ ಕಡೆದಂಥ ನುಣುಪು ಪರಿಚಿತ. ಕ್ಯಾಮ್‌ಶಾಫ್ಟ್ ಕೂಡ ಅಂಥದೇ ಒಂದು ದಂಡ. ಆದರೆ ಅದರ ಮೈಮೇಲೆ ಅಲ್ಲಲ್ಲಿ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ಆ ಉಬ್ಬುಗಳು ತಿರುಗುತ್ತ ವಾಲ್ವ್‌ಗಳನ್ನು ಒತ್ತಿ ತೆರೆಯುತ್ತವೆ. ಸ್ಪ್ರಿಂಗ್‌ಗಳು ಅವನ್ನು ಮರಳಿ ಮುಚ್ಚುತ್ತವೆ. ಗಾಳಿ ಒಳಬರುವುದೂ ಹೊಗೆ ಹೊರಹೋಗುವುದೂ ಈ ವಾಲ್ವ್‌ಗಳ ಮೂಲಕವೇ.

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಬೇಕು. ನಿಮಿಷಕ್ಕೆ 3000 ಸುತ್ತಿನಲ್ಲಿ ಓಡುತ್ತಿರುವ ಎಂಜಿನ್ನಿನಲ್ಲಿ ಪ್ರತಿಯೊಂದು ವಾಲ್ವ್ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೇರುವಷ್ಟರಲ್ಲಿ ವಾಲ್ವ್ ದಾರಿ ಬಿಟ್ಟಿರಬೇಕು. ಎರಡೂ ಶಾಫ್ಟ್‌ಗಳ ನಡುವಿನ ಈ ಹೊಂದಾಣಿಕೆಯೇ ವಾಲ್ವ್ ಟೈಮಿಂಗ್; ಅದನ್ನು ಕಾಯುವುದು ಹಲ್ಲುಗಳಿರುವ ಒಂದು ರಬ್ಬರ್ ಬೆಲ್ಟ್ ಇಲ್ಲವೇ ಒಂದು ಉಕ್ಕಿನ ಚೈನ್.

ಇಲ್ಲೊಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ಅಂಬಾಸಡರ್, ಪದ್ಮಿನಿ ಕಾಲದ ಗ್ಯಾರೇಜುಗಳಲ್ಲಿ ‘ಟೈಮಿಂಗ್ ಸೆಟ್ ಮಾಡುವುದು’ ಎಂದರೆ ಡಿಸ್ಟ್ರಿಬ್ಯೂಟರನ್ನು ತುಸು ತಿರುಗಿಸಿ ಕಿಡಿ ಹಾರುವ ಗಳಿಗೆಯನ್ನು ಸರಿಪಡಿಸುವುದು ಎಂದೇ ಅರ್ಥವಿತ್ತು. ಅದು ಇಗ್ನಿಷನ್ ಟೈಮಿಂಗ್. ಇಲ್ಲಿ ಹೇಳುತ್ತಿರುವುದು ವಾಲ್ವ್‌ಗಳ ಮಾತು. ಆ ಎರಡೂ ಕಾರುಗಳಲ್ಲಿ ಕ್ಯಾಮ್‌ಶಾಫ್ಟ್ ಕೆಳಗಿನ ಬ್ಲಾಕ್‌ನಲ್ಲೇ ಇದ್ದು, ಚಿಕ್ಕ ಚೈನ್‌ನಿಂದ ತಿರುಗುತ್ತಿದ್ದುದರಿಂದ ಈ ತೊಂದರೆ ಚಾಲಕರ ಅರಿವಿಗೆ ಬರುವುದೇ ಅಪರೂಪವಾಗಿತ್ತು.

ಬೆಲ್ಟ್ ಒಂದು ಹಲ್ಲು ಜಾರಿದರೆ ಏನಾಗುತ್ತದೆ? ಕ್ಯಾಮ್‌ಶಾಫ್ಟಿನ ಹಲ್ಲುಚಕ್ರದಲ್ಲಿ 40 ಹಲ್ಲುಗಳಿದ್ದರೆ ಒಂದು ಹಲ್ಲಿಗೆ ಕ್ಯಾಮ್ 9 ಡಿಗ್ರಿ ಸರಿಯುತ್ತದೆ. ಕ್ರ್ಯಾಂಕ್ ಲೆಕ್ಕದಲ್ಲಿ ಅದು 18 ಡಿಗ್ರಿ. ಎಂಜಿನ್ ಓಡಬಹುದು, ಆದರೆ ಕುಂಟುತ್ತದೆ. ಎರಡು ಮೂರು ಹಲ್ಲು ಜಾರಿದರೆ ಸ್ಟಾರ್ಟ್ ಆಗುವುದೇ ಕಷ್ಟ. ಬೆಲ್ಟ್ ಹರಿದೇ ಹೋದರೆ ಕ್ಯಾಮ್ ನಿಂತಲ್ಲೇ ನಿಂತು, ತೆರೆದ ಸ್ಥಿತಿಯಲ್ಲಿರುವ ವಾಲ್ವ್‌ಗಳಿಗೆ ಮೇಲೇರಿ ಬರುವ ಪಿಸ್ಟನ್ ಬಡಿಯುತ್ತದೆ. ಕೆಲವು ಪೆಟ್ರೋಲ್ ಎಂಜಿನ್‌ಗಳಲ್ಲಿ ಎರಡರ ನಡುವೆ ಸಾಕಷ್ಟು ತೆರವು ಇರುವುದರಿಂದ ಡಿಕ್ಕಿ ತಪ್ಪುತ್ತದೆ. ಡೀಸೆಲ್ ಎಂಜಿನ್‌ಗಳಲ್ಲಿ ಪಿಸ್ಟನ್ ಹೆಡ್‌ಗೆ ತೀರಾ ಸಮೀಪಕ್ಕೆ ಬರುತ್ತದೆ. ಅಲ್ಲಿ ಆ ಅದೃಷ್ಟವಿಲ್ಲ.

ಸ್ಕ್ಯಾನರ್ ಹೇಳುವುದೇನು, ಹೇಳದಿರುವುದೇನು

ಕ್ರ್ಯಾಂಕ್‌ಗೊಂದು, ಕ್ಯಾಮ್‌ಗೊಂದು ಸೆನ್ಸರ್ ಇರುತ್ತದೆ. ಎರಡೂ ತಮ್ಮ ತಮ್ಮ ಶಾಫ್ಟಿನ ಸ್ಥಾನವನ್ನು ಎಂಜಿನ್ ಕಂಪ್ಯೂಟರಿಗೆ ತಿಳಿಸುತ್ತವೆ. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಎರಡನೆಯ ಹಂತದ ಒಬಿಡಿ ವ್ಯವಸ್ಥೆ ಕಡ್ಡಾಯವಾದ ಮೇಲೆ ಇಂಥ ದೋಷಗಳ ಸಂಕೇತಗಳನ್ನು ಸಾಮಾನ್ಯ ಸ್ಕ್ಯಾನರಿನಲ್ಲೂ ಓದಬಹುದಾಗಿದೆ. ಈ ವಿಷಯದಲ್ಲಿ ಮುಖ್ಯವಾದವು ಎರಡು. ಪಿ0340 ಎಂದರೆ ಕ್ಯಾಮ್ ಸೆನ್ಸರಿನ ಸರ್ಕ್ಯೂಟ್‌ನಲ್ಲಿ ತೊಂದರೆ. ಪಿ0016 ಎಂದರೆ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ಸ್ಥಾನ ಪರಸ್ಪರ ತಾಳೆಯಾಗುತ್ತಿಲ್ಲ.

ಮೊದಲನೆಯದನ್ನು ಓದಿದ ಕೂಡಲೇ ಸೆನ್ಸರ್ ಬದಲಿಸುವುದು ವಾಡಿಕೆ. ವಾಸ್ತವದಲ್ಲಿ ಕಂಪ್ಯೂಟರ್ ಹೇಳುತ್ತಿರುವುದು ‘ನನಗೆ ಕ್ಯಾಮ್‌ನಿಂದ ಸರಿಯಾದ ಸುದ್ದಿ ಬರುತ್ತಿಲ್ಲ’ ಎಂಬಷ್ಟನ್ನೇ. ಸೆನ್ಸರ್ ಕೆಟ್ಟಿರಬಹುದು. ಅದಕ್ಕೆ ಹೋಗುವ ವೈರನ್ನು ಇಲಿ ಕಡಿದಿರಬಹುದು. ಕೊಬ್ಬರಿ, ಕಾಳುಕಡ್ಡಿ ತುಂಬಿದ ಉಗ್ರಾಣಗಳ ಪಕ್ಕದಲ್ಲಿ ವಾರಗಟ್ಟಲೆ ನಿಂತ ಕಾರುಗಳಲ್ಲಿ ಇದು ವಿರಳವೇನಲ್ಲ. ಬೆಲ್ಟ್ ಹರಿದು ಕ್ಯಾಮ್‌ಶಾಫ್ಟ್ ತಿರುಗುತ್ತಲೇ ಇಲ್ಲದಿರಲೂಬಹುದು. ತಿರುಗದ ಶಾಫ್ಟಿನ ಬಗ್ಗೆ ಹೊಸ ಸೆನ್ಸರ್ ತಾನೇ ಏನು ವರದಿ ಮಾಡೀತು?

ಪಿ0016 ಬಂದಾಗಲಂತೂ ಸೆನ್ಸರಿನ ಮೇಲೆ ಕೈ ಹಾಕುವ ಮುನ್ನ ಹತ್ತು ಬಾರಿ ಯೋಚಿಸಬೇಕು. ಎರಡೂ ಸೆನ್ಸರ್‌ಗಳು ಕೆಲಸ ಮಾಡುತ್ತಿವೆ, ಆದರೆ ಅವುಗಳ ಮಾತು ಒಂದಕ್ಕೊಂದು ಹೊಂದುತ್ತಿಲ್ಲ ಎಂಬುದೇ ಸಾಮಾನ್ಯವಾಗಿ ಅದರ ಇಂಗಿತ. ಹಿಗ್ಗಿದ ಚೈನ್, ಸವೆದ ಗೈಡ್, ಜಾರಿದ ಹಲ್ಲು ಇಲ್ಲವೇ ಸೆನ್ಸರ್ ಓದುವ ಚಕ್ರವೇ ತನ್ನ ಸ್ಥಾನದಿಂದ ಕದಲಿರುವುದು, ಇವೆಲ್ಲ ಇದಕ್ಕೆ ಕಾರಣವಾಗಬಲ್ಲವು. ಚಾಲನೆಯಲ್ಲೇ ವಾಲ್ವ್ ಟೈಮಿಂಗ್ ಬದಲಿಸುವ ವಿವಿಟಿ ಎಂಜಿನ್‌ಗಳಲ್ಲಿ ಇನ್ನೂ ಒಂದು ಕಾರಣ ಸೇರುತ್ತದೆ. ಅಲ್ಲಿ ಕ್ಯಾಮ್‌ನ ಸ್ಥಾನವನ್ನು ಆಯಿಲ್ ಒತ್ತಡವೇ ಹೊಂದಿಸುತ್ತದೆ. ಆಯಿಲ್ ಕಡಿಮೆಯಾದರೆ, ಹಳತಾಗಿ ಗಸಿಗಟ್ಟಿದರೆ, ಅದರ ಕಂಟ್ರೋಲ್ ವಾಲ್ವಿನ ಪುಟ್ಟ ಜಾಲರಿ ಮುಚ್ಚಿಕೊಂಡು ಟೈಮಿಂಗ್ ತಪ್ಪುತ್ತದೆ. ಆದ್ದರಿಂದ ಇಂಥ ಕಾರಿನಲ್ಲಿ ಮಾಡಬೇಕಾದ ಮೊದಲ ತಪಾಸಣೆಗೆ ಸ್ಕ್ಯಾನರೂ ಬೇಡ, ಸ್ಪ್ಯಾನರೂ ಬೇಡ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಸಾಕು.

ಬಿಚ್ಚದೆ ಪತ್ತೆ ಹಚ್ಚುವ ಬಗೆ

ಒಳ್ಳೆಯ ಮೆಕ್ಯಾನಿಕ್ ಎಂಜಿನ್ ಬಿಚ್ಚುವ ಮೊದಲು ಕಿವಿಗೆ ಕೆಲಸ ಕೊಡುತ್ತಾನೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಎರಡು ಮೂರು ಸೆಕೆಂಡು ಕೇಳಿಬರುವ ಕಟಕಟ ಸದ್ದು ಸಡಿಲಗೊಂಡ ಚೈನ್‌ನ ಮುನ್ಸೂಚನೆಯಾಗಿರಬಹುದು. ಹೆಚ್ಚಿನ ಚೈನ್‌ಗಳನ್ನು ಬಿಗಿಯಾಗಿಡುವ ಟೆನ್ಷನರ್ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುವುದರಿಂದ, ಒತ್ತಡ ಏರುವವರೆಗೆ ಚೈನ್ ಗೈಡ್‌ಗೆ ಬಡಿಯುತ್ತದೆ. ರಬ್ಬರ್ ಬೆಲ್ಟ್ ಇಂಥ ಸೂಚನೆಯನ್ನೇನೂ ಕೊಡುವುದಿಲ್ಲ. ಮೌನವಾಗಿದ್ದು ಒಂದು ದಿನ ಹರಿಯುತ್ತದೆ.

ಸೆಲ್ಫ್ ಹೊಡೆದಾಗಿನ ಸದ್ದೂ ಸಾಕ್ಷಿಯೇ. ಆರೋಗ್ಯವಂತ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನ ಕಂಪ್ರೆಷನ್‌ಗೆ ಒಮ್ಮೆ ತಡೆದಂತೆ ಲಯಬದ್ಧವಾದ ಏರಿಳಿತವಿರುತ್ತದೆ. ಅದಿಲ್ಲದೆ ಒಂದೇ ಸಮನೆ ಹಗುರವಾಗಿ ತಿರುಗಿದರೆ ಕಂಪ್ರೆಷನ್ ಇಲ್ಲವೆಂದು ತಿಳಿಯಬೇಕು. ಜಾವಗಲ್ ಬಳಿ ನಿಂತ ಕಾರಿನಲ್ಲಿ ಕೇಳಿಬಂದದ್ದು ಇದೇ ಸದ್ದು.

ಎಂಜಿನ್ ಇನ್ನೂ ಓಡುತ್ತಿದ್ದರೆ ಆಸಿಲೋಸ್ಕೋಪ್ ಎಂಬ ಉಪಕರಣ ಅತ್ಯಂತ ಉಪಯುಕ್ತ. ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್‌ಗಳ ಸಂಕೇತಗಳನ್ನು ಒಂದರ ಕೆಳಗೊಂದು ಪರದೆಯ ಮೇಲೆ ಮೂಡಿಸಿ, ಅದೇ ಮಾದರಿಯ ಸುಸ್ಥಿತಿಯ ಕಾರಿನ ಚಿತ್ರದೊಂದಿಗೆ ಹೋಲಿಸಿದರೆ ಎಷ್ಟು ಹಲ್ಲು ಜಾರಿದೆ ಎಂಬುದು ಒಂದು ಬೋಲ್ಟನ್ನೂ ಸಡಿಲಿಸದೆ ಗೊತ್ತಾಗುತ್ತದೆ. ಸಣ್ಣ ಊರಿನ ಗ್ಯಾರೇಜಿನಲ್ಲಿ ಇದು ಇಲ್ಲದಿದ್ದರೆ ಕಂಪ್ರೆಷನ್ ಗೇಜ್ ಮತ್ತು, ಪೆಟ್ರೋಲ್ ಕಾರಾದರೆ, ವ್ಯಾಕ್ಯೂಮ್ ಗೇಜ್ ನೆರವಿಗೆ ಬರುತ್ತವೆ. ಎಲ್ಲ ಸಿಲಿಂಡರ್‌ಗಳಲ್ಲೂ ಕಂಪ್ರೆಷನ್ ಸಮನಾಗಿ ಕುಸಿದಿದ್ದರೆ ಟೈಮಿಂಗ್ ಮೇಲೆ ಸಂಶಯ ಪಡಬೇಕು. ಒಂದರಲ್ಲಿ ಮಾತ್ರ ಕುಸಿದಿದ್ದರೆ ಬಾಗಿದ ವಾಲ್ವ್, ಸುಟ್ಟ ಗ್ಯಾಸ್ಕೆಟ್ ಇತ್ಯಾದಿ ಬೇರೆ ಕಾರಣಗಳನ್ನು ಹುಡುಕಬೇಕು.

ಈ ಭಾಗದ ಗ್ಯಾರೇಜುಗಳು ನೆನಪಿಡಬೇಕಾದ ಸಂಗತಿಯೊಂದಿದೆ. ಕೈಪಿಡಿಗಳಲ್ಲಿ ಕೊಡುವ ವ್ಯಾಕ್ಯೂಮ್ ಅಂಕಿಗಳು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಅನ್ವಯಿಸುವಂಥವು. ಸುಸ್ಥಿತಿಯ ಪೆಟ್ರೋಲ್ ಎಂಜಿನ್‌ಗೆ ಅಲ್ಲಿ 17ರಿಂದ 21 ಇಂಚು ಪಾದರಸ ಇರಬೇಕೆನ್ನುತ್ತಾರೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಇದು ಸುಮಾರು ಒಂದು ಇಂಚು ಇಳಿಯುತ್ತದೆ. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಬೇಲೂರು ಅದಕ್ಕಿಂತಲೂ ಎತ್ತರದಲ್ಲಿದೆ. ಅಂದರೆ ಮಂಗಳೂರಿನಲ್ಲಿ 19 ತೋರಿಸುವ ಎಂಜಿನ್ ಅರಸೀಕೆರೆಯಲ್ಲಿ ಹದಿನಾರೂವರೆ ತೋರಿಸಿದರೆ ಅದು ರೋಗವಲ್ಲ. ಕಂಪ್ರೆಷನ್ ಅಂಕಿಗಳೂ ಇಲ್ಲಿ ಶೇ. 9ರ ಆಸುಪಾಸು ಕಡಿಮೆ ಬರುತ್ತವೆ. ಇದನ್ನು ಗಣಿಸದೆ ಪುಸ್ತಕದ ಅಂಕಿಯನ್ನೇ ಹಿಡಿದು ಹೊರಟರೆ ಇಲ್ಲದ ದೋಷಕ್ಕೆ ಹೆಡ್ ಬಿಚ್ಚಬೇಕಾದೀತು.

ಮಾರ್ಕ್‌ಗಳ ಸತ್ಯ ಮತ್ತು ಮಿಥ್ಯ

ಕೊನೆಯ ತೀರ್ಪು ಟೈಮಿಂಗ್ ಮಾರ್ಕ್‌ಗಳದು. ಬೆಲ್ಟ್ ಇರುವ ಅನೇಕ ಎಂಜಿನ್‌ಗಳಲ್ಲಿ ಮೇಲಿನ ಪ್ಲಾಸ್ಟಿಕ್ ಕವರನ್ನು ಕೆಲವೇ ಬೋಲ್ಟ್ ಬಿಚ್ಚಿ ತೆಗೆಯಬಹುದು. ಬೆಲ್ಟ್ ಹರಿದಿದೆಯೇ, ಹಲ್ಲು ಉದುರಿದೆಯೇ, ಆಯಿಲ್ ಸೋರಿ ಒದ್ದೆಯಾಗಿದೆಯೇ ಎಂಬುದು ಟಾರ್ಚ್ ಬೆಳಕಿನಲ್ಲೇ ಕಾಣುತ್ತದೆ. ಬೆಲ್ಟ್ ಇದ್ದರೆ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿನಲ್ಲಿಯೇ ಕೈಯಿಂದ ನಿಧಾನವಾಗಿ ತಿರುಗಿಸಿ ಒಂದನೇ ಸಿಲಿಂಡರನ್ನು ಮೇಲಿನ ತುದಿಗೆ ತರಬೇಕು. ಹಿಮ್ಮುಖವಾಗಿ ತಿರುಗಿಸಿದರೆ ಟೆನ್ಷನರ್ ಇರುವ ಬದಿಗೆ ಎಳೆತ ಬಿದ್ದು, ಸರಿಯಿದ್ದ ಹಲ್ಲೂ ಜಾರಬಹುದು. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಅಲ್ಲಿಗೇ ನಿಲ್ಲಿಸಬೇಕು; ಪಿಸ್ಟನ್ ವಾಲ್ವಿಗೆ ತಾಗಿರುವ ಸಾಧ್ಯತೆ ಉಂಟು.

ಮಾರ್ಕ್‌ಗಳೂ ಮೋಸ ಮಾಡುತ್ತವೆ ಎಂಬುದು ಅನುಭವಿಗಳಿಗೆ ಮಾತ್ರ ಗೊತ್ತು. ಅನೇಕ ಕಾರುಗಳ ಕ್ರ್ಯಾಂಕ್ ಪುಲ್ಲಿ ಒಂದೇ ತುಂಡಲ್ಲ. ಒಳಗಿನ ಗುಂಬಕ್ಕೂ ಹೊರಗಿನ ಬಳೆಗೂ ನಡುವೆ ರಬ್ಬರಿನ ಪದರವಿರುತ್ತದೆ. ರಬ್ಬರ್ ಹಳತಾಗಿ ಹೊರಬಳೆ ಜಾರಿದರೆ ಅದರ ಮೇಲಿನ ಗೆರೆಯೂ ಜಾರುತ್ತದೆ. ಆಗ ಟೈಮಿಂಗ್ ಸರಿಯಿದ್ದರೂ ತಪ್ಪಾಗಿ ಕಾಣುತ್ತದೆ. ಆದ್ದರಿಂದ ಪುಲ್ಲಿ ತೆಗೆದು, ಅದರ ಹಿಂದಿನ ಹಲ್ಲುಚಕ್ರದ ಮಾರ್ಕನ್ನೇ ನೋಡುವುದು ಕ್ಷೇಮ. ಚೈನ್‌ನಲ್ಲಿರುವ ಬಣ್ಣದ ಕೊಂಡಿಗಳದು ಇನ್ನೊಂದು ಕಥೆ. ಜೋಡಿಸುವಾಗ ಅವು ಹಲ್ಲುಚಕ್ರದ ಚುಕ್ಕೆಗಳಿಗೆ ಎದುರಾಗಿರಬೇಕು. ಎಂಜಿನ್ ಒಮ್ಮೆ ತಿರುಗಿದರೆ ಅವು ಮತ್ತೆ ಕೂಡಿಬರಲು ಅನೇಕ ಸುತ್ತುಗಳು ಬೇಕು. ಬಣ್ಣದ ಕೊಂಡಿ ಎದುರಿಗಿಲ್ಲವೆಂದು ಚೈನ್ ಬಿಚ್ಚಿ ‘ಸರಿಪಡಿಸಿ’, ಸರಿಯಿದ್ದುದನ್ನು ಕೆಡಿಸಿದ ಉದಾಹರಣೆಗಳಿಗೆ ಕೊರತೆಯಿಲ್ಲ.

ದುರಸ್ತಿ ಹೇಗೆ?

ಜಾರಿರುವುದು ಖಚಿತವಾದರೆ ಬೆಲ್ಟನ್ನು ಎತ್ತಿ ಸರಿಯಾದ ಹಲ್ಲಿಗೆ ಕೂರಿಸಿ ಬಿಡುವುದು ದುರಸ್ತಿಯಲ್ಲ. ಅದು ಏಕೆ ಜಾರಿತು ಎಂಬುದಕ್ಕೆ ಉತ್ತರ ಸಿಗಲೇಬೇಕು. ಟೆನ್ಷನರ್ ಸಡಿಲವಾಗಿರಬಹುದು. ಐಡ್ಲರ್ ಬೇರಿಂಗ್ ಹಿಡಿದಿರಬಹುದು. ಇದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವ ಎಂಜಿನ್‌ಗಳಲ್ಲಿ ಪಂಪ್ ಬಿಗಿದು ಬೆಲ್ಟನ್ನು ಕೊಂದಿರಲೂಬಹುದು. ಆದ್ದರಿಂದಲೇ ಬೆಲ್ಟ್, ಟೆನ್ಷನರ್, ಐಡ್ಲರ್‌ಗಳನ್ನು ಒಟ್ಟಿಗೆ ಬದಲಿಸುತ್ತಾರೆ. ಪಂಪ್ ಅದೇ ಬೆಲ್ಟಿನದಾದರೆ ಅದನ್ನೂ. ಕೂಲಿ ಒಂದೇ, ಬಿಚ್ಚುವ ಕಷ್ಟವೂ ಒಂದೇ. ಆಯಿಲ್ ಸೀಲ್ ಸೋರುತ್ತಿದ್ದರೆ ಅದನ್ನು ಹಾಗೇ ಬಿಟ್ಟು ಹೊಸ ಬೆಲ್ಟ್ ಹಾಕುವುದು ವ್ಯರ್ಥ, ಏಕೆಂದರೆ ಆಯಿಲ್ ಸಾಮಾನ್ಯ ಟೈಮಿಂಗ್ ಬೆಲ್ಟಿನ ರಬ್ಬರಿಗೆ ವಿಷ. ಆಯಿಲ್‌ನಲ್ಲೇ ಮುಳುಗಿ ಓಡುವಂತೆ ರೂಪಿಸಿದ ಬೆಲ್ಟ್‌ಗಳೂ ಇವೆ. 2013ರಲ್ಲಿ ಭಾರತಕ್ಕೆ ಬಂದ ಫೋರ್ಡ್ ಇಕೋಸ್ಪೋರ್ಟ್‌ನ ಒಂದು ಲೀಟರ್ ಇಕೋಬೂಸ್ಟ್ ಎಂಜಿನ್ನಿನದು ಅಂಥದು. ಅವಕ್ಕೆ ಕಂಪನಿ ಸೂಚಿಸಿದ ದರ್ಜೆಯ ಆಯಿಲ್ ಅನ್ನೇ ಹಾಕಬೇಕು.

ಜೋಡಣೆಯ ಕ್ರಮದಲ್ಲಿ ಅವಸರ ಸಲ್ಲದು. ಕ್ಯಾಮ್ ಮತ್ತು ಕ್ರ್ಯಾಂಕ್‌ಗಳನ್ನು ಆಯಾ ಎಂಜಿನ್ನಿನ ಲಾಕಿಂಗ್ ಪಿನ್‌ಗಳಿಂದ ನಿಲ್ಲಿಸಿ, ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿರುವಂತೆ ಬೆಲ್ಟ್ ಹೊದಿಸಿ, ಕೊನೆಯಲ್ಲಿ ಟೆನ್ಷನರ್ ಸಡಿಲಿಸಿ ಬಿಗಿತ ಬರಿಸಬೇಕು. ಬೋಲ್ಟ್‌ಗಳಿಗೆ ಅಂದಾಜಿನ ಬಲವಲ್ಲ, ಟಾರ್ಕ್ ರೆಂಚ್ ಬೇಕು. ಬಳಿಕ ಪಿನ್‌ಗಳನ್ನು ತೆಗೆದು, ಕೈಯಿಂದಲೇ ಕ್ರ್ಯಾಂಕನ್ನು ಎರಡು ಪೂರ್ಣ ಸುತ್ತು ತಿರುಗಿಸಿ ಮಾರ್ಕ್‌ಗಳು ಮತ್ತೆ ಕೂಡಿಬಂದವೇ ಎಂದು ಪರೀಕ್ಷಿಸಬೇಕು. ಈ ಎರಡು ಸುತ್ತಿಗೆ ಹೆಚ್ಚು ಹೊತ್ತೇನೂ ಹಿಡಿಯದು. ಅದನ್ನು ಉಳಿಸಲು ಹೋಗಿ ನೇರವಾಗಿ ಕೀ ತಿರುಗಿಸಿದವರು ಹೆಡ್ಡನ್ನೇ ಕಳೆದುಕೊಂಡದ್ದುಂಟು.

ಬೆಲ್ಟ್ ಹರಿದಿದ್ದರೆ ಕೆಲಸ ಬೇರೆಯೇ. ಹೊಸ ಬೆಲ್ಟ್ ಹಾಕಿ ಕಂಪ್ರೆಷನ್ ನೋಡಿದಾಗ ಅದು ಬರದಿದ್ದರೆ ಹೆಡ್ ಇಳಿಸಲೇಬೇಕು. ಬಾಗಿದ ವಾಲ್ವ್‌ಗಳನ್ನು ಬದಲಿಸಿ, ಗೈಡ್‌ಗಳನ್ನು ಪರೀಕ್ಷಿಸಿ, ಹೊಸ ವಾಲ್ವ್‌ಗಳು ಸೀಟಿಗೆ ಕೂರುವಂತೆ ಮಾಡಿ, ಹೆಡ್‌ನ ಸಮತಲವನ್ನು ಅಳೆದು, ಹೊಸ ಗ್ಯಾಸ್ಕೆಟ್‌ನೊಂದಿಗೆ ಕೂರಿಸಬೇಕು. ಪಿಸ್ಟನ್ ತಲೆಗಳ ಮೇಲೂ ಏಟಿನ ಗುರುತು ನೋಡಬೇಕಾಗುತ್ತದೆ. ಬೆಲ್ಟ್ ಕಿಟ್‌ನ ಬೆಲೆಗೂ ಈ ಕೆಲಸದ ಬೆಲೆಗೂ ಹೋಲಿಕೆಯೇ ಇಲ್ಲ.

ರಸ್ತೆ ಬದಿಯ ಹತ್ತು ನಿಮಿಷ

ಮತ್ತೆ ಜಾವಗಲ್‌ನ ಕಾರಿಗೆ ಬರೋಣ. ಓಡುತ್ತಿದ್ದಾಗ ಬೆಲ್ಟ್ ಪೂರ್ತಿ ಹರಿದಿದ್ದರೆ ಹಾನಿಯ ಬಹುಪಾಲು ಆ ಕ್ಷಣದಲ್ಲೇ ಆಗಿಹೋಗಿರುತ್ತದೆ. ಆದರೆ ಅದು ಕೆಲವು ಹಲ್ಲು ಜಾರಿ ನಿಂತಿರಬಹುದು, ಇಲ್ಲವೇ ಕಡಿಮೆ ವೇಗದಲ್ಲಿ ನಿಂತು ವಾಲ್ವ್‌ಗಳು ಇನ್ನೂ ಉಳಿದಿರಬಹುದು. ಹೊರಗಿನಿಂದ ನೋಡಿದರೆ ಇವನ್ನು ಬೇರ್ಪಡಿಸಲಾಗದು. ಮತ್ತೆ ಮತ್ತೆ ಸೆಲ್ಫ್ ಹೊಡೆದರೆ, ಗೇರಿಗೆ ಹಾಕಿ ತಳ್ಳಿದರೆ, ಉಳಿದಿದ್ದ ವಾಲ್ವೂ ಬಾಗುತ್ತದೆ. ಆದ್ದರಿಂದ ಸದ್ದು ಹಗುರವಾಗಿದೆ ಎಂದು ತಿಳಿದೊಡನೆ ಕೀ ತೆಗೆದಿಟ್ಟು, ಕಾರನ್ನು ನ್ಯೂಟ್ರಲ್‌ನಲ್ಲಿ ರಸ್ತೆ ಬದಿಗೆ ಸರಿಸಿ, ಟೋ ವಾಹನಕ್ಕೆ ಕರೆ ಮಾಡುವುದೇ ಜಾಣತನ. ಎಳೆದೊಯ್ಯುವಾಗಲೂ ಗೇರ್ ನ್ಯೂಟ್ರಲ್‌ನಲ್ಲಿಯೇ ಇರಬೇಕು. ಆಟೊಮ್ಯಾಟಿಕ್ ಕಾರಾದರೆ ಹೊತ್ತೊಯ್ಯುವ ಲಾರಿಯೇ ಬೇಕು.

ಪ್ರವಾಸಿ ಟ್ಯಾಕ್ಸಿಗಳ ಮಾಲೀಕರಿಗೆ ಇನ್ನೊಂದು ಮಾತು. ರಾಜ್ಯದ ಬಿಡದಿಯಲ್ಲೇ ತಯಾರಾಗಿ 2005ರಲ್ಲಿ ಮಾರುಕಟ್ಟೆಗೆ ಬಂದ ಟೊಯೊಟಾ ಇನ್ನೋವಾದ ಮೊದಲ ತಲೆಮಾರಿನ ಡೀಸೆಲ್ ಎಂಜಿನ್ನಿನಲ್ಲಿರುವುದು ಬೆಲ್ಟ್. ಬದಲಿಸುವ ಕಾಲ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ‘ಟಿ-ಬೆಲ್ಟ್’ ದೀಪ ಉರಿಯುತ್ತದೆ. ಆದರೆ ಆ ದೀಪ ಬೆಲ್ಟನ್ನು ನೋಡುವುದಿಲ್ಲ, ಕಿಲೋಮೀಟರ್ ಎಣಿಸುತ್ತದೆ ಅಷ್ಟೆ. ಹಿಂದಿನ ಮಾಲೀಕರು ಬೆಲ್ಟ್ ಹಾಕಿಸದೆ ದೀಪವನ್ನು ಮಾತ್ರ ಆರಿಸಿದ್ದರೆ ಅದರ ಮಾತಿಗೆ ಬೆಲೆಯಿಲ್ಲ. 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ ಡೀಸೆಲ್ ಎಂಜಿನ್ನಿನಲ್ಲಿ ಚೈನ್ ಇದೆ. ಮಾರುತಿಯ ಕೆ-ಸರಣಿಯ ಪೆಟ್ರೋಲ್ ಎಂಜಿನ್‌ಗಳಲ್ಲೂ, ಹಳೆಯ ಸ್ವಿಫ್ಟ್ ಡೀಸೆಲ್‌ನಲ್ಲೂ ಚೈನ್. ಚೈನ್ ಎಂದರೆ ಜೀವಮಾನವಿಡೀ ಚಿಂತೆಯಿಲ್ಲ ಎಂಬ ನಂಬಿಕೆ ವ್ಯಾಪಕ. ಆಯಿಲ್ ಬದಲಿಸುವುದನ್ನು ಮುಂದೂಡುತ್ತ ಹೋದರೆ, ಅಥವಾ ರಸ್ತೆ ಉಬ್ಬಿಗೆ ತಾಗಿ ಸಂಪ್ ಒಡೆದು ಆಯಿಲ್ ಸೋರಿದರೆ, ಆ ಚೈನೂ ಸಡಿಲಗೊಳ್ಳುತ್ತದೆ.

ಬೆಲ್ಟಿಗೆ ಕಿಲೋಮೀಟರ್‌ನಷ್ಟೇ ವಯಸ್ಸೂ ಮುಖ್ಯ. ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ಮಾತ್ರ ಓಡುವ ಮನೆ ಕಾರಿನ ರಬ್ಬರೂ ಬಿಸಿಲು, ಬಿಸಿಗೆ ಒಣಗಿ ಬಿರುಕು ಬಿಡುತ್ತದೆ. ಎಷ್ಟು ವರ್ಷಕ್ಕೆ, ಎಷ್ಟು ಕಿಲೋಮೀಟರಿಗೆ ಎಂಬುದು ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಎರಡರಲ್ಲಿ ಯಾವುದು ಮೊದಲೋ ಅದನ್ನೇ ಪಾಲಿಸಬೇಕು. ಹಳೆಯ ಕಾರು ಕೊಂಡವರು ಬದಲಿಸಿದ ದಾಖಲೆ ಸಿಗದಿದ್ದರೆ ಬದಲಿಸಿಲ್ಲವೆಂದೇ ಭಾವಿಸುವುದು ಲೇಸು. ಕೆಲಸ ಮುಗಿದ ಮೇಲೆ ಹಳೆಯ ಬೆಲ್ಟನ್ನು ಕೇಳಿ ಪಡೆದು ನೋಡಬಹುದು. ಬದಲಿಸಿದ ದಿನಾಂಕ ಮತ್ತು ಮೀಟರ್ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆಸಿ ಬಾನೆಟ್‌ನ ಒಳಬದಿಗೆ ಅಂಟಿಸಿದರೆ ಮುಂದೆ ಆ ಕಾರನ್ನು ಕೊಳ್ಳುವವರಿಗೂ ಅನುಕೂಲವಾಗುತ್ತದೆ.